ಆಟದೊಳಗಿನ ಬಾಯಾರಿಕೆ: ಕಂಪ್ಯೂಟರ್ ಗೇಮ್‌ಗಳು ನೀರು ಕುದಿಸಲು ಕಲಿತ ಚರಿತ್ರೆ

ಚರಿತ್ರೆ ಎಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದು ಮಕ್ಕಳು ತಿಳಿದುಕೊಂಡಿರುತ್ತಾರೆ. ಆದರೆ ಚರಿತ್ರೆ ಇಲ್ಲದ ವಸ್ತು ಯಾವುದೂ ಇಲ್ಲ. ಬಳಪಕ್ಕೆ ಚರಿತ್ರೆ ಇದೆ, ಛತ್ರಿಗೆ ಇದೆ. ಮಕ್ಕಳು ಅಪ್ಪನ ಮೊಬೈಲಿನಲ್ಲಿ ಕದ್ದು ಆಡುವ ಗೇಮಿಗೂ ಇದೆ. ಈ ಸಲ ಆ ಗೇಮ್‌ಗಳ ಚರಿತ್ರೆಯಿಂದ ಒಂದು ಸಣ್ಣ ಎಳೆಯನ್ನು ಮಾತ್ರ ಹಿಡಿದು ನೋಡೋಣ. ಆಟದೊಳಗಿನ ಮನುಷ್ಯನಿಗೂ ಬಾಯಾರಿಕೆ ಆಗಬೇಕು, ಅವನು ನೀರು ಹುಡುಕಬೇಕು, ಸಿಕ್ಕಿದ ನೀರನ್ನು ಶುದ್ಧ ಮಾಡಿ ಕುಡಿಯಬೇಕು ಎಂಬ ನಿಯಮ ಹೇಗೆ ಬಂತು?

'ಸರ್ವೈವಲ್ ಗೇಮ್' ಎಂದು ಒಂದು ಜಾತಿಯ ಆಟಗಳಿವೆ. ಕಾಡಿನಲ್ಲಿ, ದ್ವೀಪದಲ್ಲಿ, ಹಿಮದಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡವನು ಬದುಕಿ ಉಳಿಯುವ ಆಟ. ಇದರಲ್ಲಿ ಶತ್ರುವನ್ನು ಕೊಲ್ಲುವುದಕ್ಕಿಂತ ಹೊಟ್ಟೆ, ಚಳಿ, ಬಾಯಾರಿಕೆಗಳನ್ನು ಗೆಲ್ಲುವುದು ಮುಖ್ಯ. ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ. ನೀರು ಕುಡಿಯದಿದ್ದರೆ ಅದು ಇಳಿಯುತ್ತಾ ಹೋಗುತ್ತದೆ, ಪೂರ್ತಿ ಖಾಲಿಯಾದರೆ ಆಯಸ್ಸು ಕರಗತೊಡಗುತ್ತದೆ. ಇಷ್ಟೇ ವಿಷಯ. ಆದರೆ ಈ ಪಟ್ಟಿಯ ಹಿಂದೆ ನಿಜವಾದ ಲೋಕದ ಎಷ್ಟೋ ಕಾಲರಾ, ಎಷ್ಟೋ ಬಾವಿ, ಎಷ್ಟೋ ಸೌದೆಯ ಲೆಕ್ಕ ಅಡಗಿದೆ.

ಶುರು ಮಾಡಿದ್ದು ಮೇಷ್ಟ್ರುಗಳೇ!

ನಮಗೆ ಹೆಮ್ಮೆಯಾಗಬೇಕಾದ ಸಂಗತಿ ಇದು. 1971ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ಡಾನ್ ರಾವಿಟ್ಶ್ ಎಂಬ ಯುವಕ ಶಿಕ್ಷಕ ತರಬೇತಿಯಲ್ಲಿದ್ದ. ನಮ್ಮಲ್ಲಿ ಟಿ.ಸಿ.ಎಚ್. ಮಾಡುವಾಗ ಶಾಲೆಗಳಿಗೆ ಪಾಠ ಹೇಳಲು ಕಳಿಸುತ್ತಿದ್ದರಲ್ಲ, ಹಾಗೆ. ಎಂಟನೇ ತರಗತಿಗೆ ಚರಿತ್ರೆಯ ಪಾಠ ಮಾಡಬೇಕಿತ್ತು. 19ನೇ ಶತಮಾನದಲ್ಲಿ ಸಾವಿರಾರು ಕುಟುಂಬಗಳು ಎತ್ತಿನ ಗಾಡಿ ಕಟ್ಟಿಕೊಂಡು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಓರೆಗಾನ್ ಕಡೆಗೆ ವಲಸೆ ಹೋದ ಕತೆ. ಅವನ ರೂಮಿನಲ್ಲೇ ಇದ್ದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲನ್‌ಬರ್ಗರ್ ಎಂಬಿಬ್ಬರು ಗಣಿತದ ತರಬೇತಿ ಶಿಕ್ಷಕರು ಈ ಪಾಠವನ್ನೇ ಕಂಪ್ಯೂಟರ್ ಆಟ ಮಾಡೋಣ ಎಂದರು. ಎರಡು ವಾರದಲ್ಲಿ 'ದಿ ಓರೆಗಾನ್ ಟ್ರೈಲ್' ಸಿದ್ಧವಾಯಿತು. ಆಗ ಪರದೆಯೇ ಇರಲಿಲ್ಲ. ಟೆಲಿಟೈಪ್ ಯಂತ್ರ ಕಾಗದದ ಮೇಲೆ ಟಕಟಕ ಎಂದು ಅಕ್ಷರ ಹೊಡೆಯುತ್ತಿತ್ತು, ಮಕ್ಕಳು ಅದನ್ನು ಓದಿ ಉತ್ತರ ಬೆರಳಚ್ಚು ಮಾಡಬೇಕು.

ಆ ಆಟದಲ್ಲಿ ನೀರಿನ ಪಟ್ಟಿ ಇರಲಿಲ್ಲ. ಆದರೆ ದಾರಿಯಲ್ಲಿ ನೀರು ಕೆಟ್ಟಿದೆ, ಶುದ್ಧ ಒರತೆ ಹುಡುಕಲು ಸಮಯ ಹೋಯಿತು ಎಂಬ ಅರ್ಥದ ಒಂದು ಘಟನೆ ಬರುತ್ತಿತ್ತು. ಆಟಗಾರನಿಗೆ ಕೆಲವು ಮೈಲಿ ನಷ್ಟ. 1974ರಲ್ಲಿ ರಾವಿಟ್ಶ್ ಮಿನೆಸೋಟದ ಶೈಕ್ಷಣಿಕ ಕಂಪ್ಯೂಟರ್ ಸಂಸ್ಥೆಗೆ ಸೇರಿದ ಮೇಲೆ ವಲಸೆಗಾರರು ಬರೆದಿಟ್ಟ ದಿನಚರಿಗಳನ್ನು ಓದಿ, ಯಾವ ಆಪತ್ತು ಎಷ್ಟು ಸಲ ಬಂದಿತ್ತು ಎಂದು ನೋಡಿ, ಆಟದೊಳಗಿನ ಸಂಭವನೀಯತೆಯನ್ನು ತಿದ್ದಿದ. ಗಮನಿಸಿ, ಮೂಲ ದಾಖಲೆ ಓದಿ ಆಟದ ನಿಯಮ ಬರೆಯುವುದು! ಆ ದಾರಿಯಲ್ಲಿ 1849ರಿಂದ ಮೂರು-ನಾಲ್ಕು ವರ್ಷ ಕಾಲರಾ ಬಹಳ ಜನರನ್ನು ಕೊಂದಿತ್ತು. ಬಿಡಾರ ಹೂಡಿದ ಕಡೆಯೇ ಶೌಚ, ಅದರ ಪಕ್ಕದ ನೀರೇ ಮುಂದಿನ ಗಾಡಿಯವರಿಗೆ ಕುಡಿಯಲು. 1985ರಲ್ಲಿ ಆಪಲ್ ಕಂಪ್ಯೂಟರಿಗೆ ಬಂದ ಬಣ್ಣದ ಆವೃತ್ತಿಯಲ್ಲಿ ಕುಟುಂಬದವರು ಕಾಲರಾ, ಟೈಫಾಯ್ಡ್, ಆಮಶಂಕೆಯಿಂದ ಸಾಯುತ್ತಿದ್ದರು. ಒಂದು ತಲೆಮಾರಿನ ಅಮೆರಿಕದ ಮಕ್ಕಳು 'ಆಮಶಂಕೆ' ಎಂಬ ರೋಗದ ಹೆಸರನ್ನು ಮೊದಲು ಕೇಳಿದ್ದು ಈ ಆಟದಿಂದ.

ಆದರೆ ಇಲ್ಲಿ ಆಟಗಾರ ಮಾಡುವಂಥದ್ದು ಏನೂ ಇಲ್ಲ. ನೀರು ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಕುದಿಸುವ ಅವಕಾಶವಿಲ್ಲ. ಇದನ್ನು ಚಾರಿತ್ರಿಕವಾಗಿ ತಪ್ಪು ಎನ್ನುವ ಹಾಗಿಲ್ಲ. ಕಾಲರಾ ನೀರಿನಿಂದ ಬರುತ್ತದೆ ಎಂದು ಆ ವಲಸೆಗಾರರಿಗೆ ಗೊತ್ತೇ ಇರಲಿಲ್ಲ.

ನೀರಿಗಾಗಿ 150 ದಿನ

1992ರಲ್ಲಿ ಫಿನ್‌ಲೆಂಡಿನ ಸಾಮಿ ಮಾರನೆನ್ ಎಂಬವನು 'ಅನ್‌ರಿಯಲ್ ವರ್ಲ್ಡ್' ಎಂಬ ಆಟ ಹೊರತಂದ. ಕಬ್ಬಿಣದ ಯುಗದ ಫಿನ್‌ಲೆಂಡಿನಲ್ಲಿ ಬೇಟೆ, ಮೀನು, ಬೆಂಕಿ, ಹಸಿವು, ಬಾಯಾರಿಕೆ. ಮೂವತ್ತು ವರ್ಷ ದಾಟಿದರೂ ಅವನು ಆ ಆಟವನ್ನು ತಿದ್ದುವುದು ಬಿಟ್ಟಿಲ್ಲ. 1994ರಲ್ಲಿ ಫ್ರಾನ್ಸಿನಿಂದ 'ರಾಬಿನ್‌ಸನ್ಸ್ ರೆಕ್ವಿಯಂ' ಬಂತು. ಅದರಲ್ಲಿ ದೇಹದ ಉಷ್ಣತೆ, ಬಾಯಾರಿಕೆ, ರೋಗ, ಗಾಯ ಎಲ್ಲವನ್ನೂ ಬೇರೆಬೇರೆಯಾಗಿ ಲೆಕ್ಕ ಇಟ್ಟಿದ್ದರು. ಇವೆರಡೂ ಕೆಲವೇ ಜನ ಆಡಿದ ಆಟಗಳು.

ನೀರನ್ನು ಕತೆಯ ನಡುವೆ ತಂದು ಕೂರಿಸಿದ್ದು 1997ರ 'ಫಾಲ್‌ಔಟ್'. ಅಣುಯುದ್ಧವಾದ ಮೇಲೆ ನೆಲದಡಿಯ ಆಶ್ರಯದಲ್ಲಿ ಜನ ಬದುಕಿದ್ದಾರೆ. ಅವರ ನೀರು ಶುದ್ಧೀಕರಣ ಯಂತ್ರದ ಒಂದು ಬಿಡಿಭಾಗ ಕೆಟ್ಟಿದೆ. ಹೊರಗೆ ಹೋಗಿ 150 ದಿನದೊಳಗೆ ಬದಲಿ ಭಾಗ ತರಬೇಕು. ದಿನ ಎಣಿಕೆ ಸುಮ್ಮನೆ ಹೆದರಿಕೆಗಲ್ಲ, ಮುಗಿದರೆ ಆಟ ಮುಗಿಯಿತು. ನೀರು ವ್ಯಾಪಾರಿಗಳಿಗೆ ಹಣ ಕೊಟ್ಟು ಕಳಿಸಿದರೆ ಇನ್ನೂ 100 ದಿನ ಸಿಗುತ್ತದೆ. ಇನ್ನೊಂದು ಸಂಗತಿಯನ್ನು ನಾನು ಮರೆಯಲಾರೆ. ಆ ಬಿಡಿಭಾಗ ಸಿಗುವುದು ಇನ್ನೊಂದು ಊರಿನಲ್ಲಿ. ಅದನ್ನು ಕಿತ್ತುಕೊಂಡು ಬಂದರೆ ನಮ್ಮವರು ಬದುಕುತ್ತಾರೆ, ಆ ಊರಿನವರಿಗೆ ನೀರಿಲ್ಲ. ಅವರ ಹಳೆಯ ಪಂಪನ್ನು ಮೊದಲು ರಿಪೇರಿ ಮಾಡಿಕೊಟ್ಟರೆ ಇಬ್ಬರೂ ಬದುಕುತ್ತಾರೆ. ನದಿ ನೀರಿಗಾಗಿ ರಾಜ್ಯ ರಾಜ್ಯಗಳು ಕೋರ್ಟಿಗೆ ಹೋಗುವುದನ್ನು ನೋಡುತ್ತಾ ಬೆಳೆದ ಗಡಿನಾಡಿನ ನಮಗೆ ಈ ಪ್ರಶ್ನೆ ಹೊಸದೇನಲ್ಲ!

ಇದೇ ಸರಣಿಯ 2010ರ 'ನ್ಯೂ ವೇಗಾಸ್'ನಲ್ಲಿ, ಬೇಕೆಂದವರಿಗೆ ಮಾತ್ರ, ಹಸಿವು-ಬಾಯಾರಿಕೆ-ನಿದ್ದೆಯ ಲೆಕ್ಕ ಬಂತು. 2015ರ 'ಫಾಲ್‌ಔಟ್ 4'ರಲ್ಲಿ ಊರು ಕಟ್ಟಿ ಕೈಪಂಪು, ಶುದ್ಧೀಕರಣ ಯಂತ್ರ ಹಾಕಬಹುದು. ಊರಿನವರು ಕುಡಿದು ಉಳಿದ ನೀರು ಡಬ್ಬದಲ್ಲಿ ಸೇರುತ್ತದೆ. ಆಟಗಾರರು ಏನು ಮಾಡಿದರು ಗೊತ್ತೇ? ನದಿ ದಡದಲ್ಲಿ ಸಾಲುಸಾಲು ಯಂತ್ರ ಹೂಡಿ ನೀರು ಮಾರಿ ಶ್ರೀಮಂತರಾದರು. ಆ ಆಟದಲ್ಲಿ ಹಣ ಮಾಡುವ ಸುಲಭ ದಾರಿಗಳಲ್ಲಿ ಇದೂ ಒಂದು. ಬಾಟಲಿ ನೀರಿನ ಕಂಪನಿಗಳು ಹುಟ್ಟಿದ ಬಗೆಯನ್ನು ತಿಳಿಯಲು ಬೇರೆ ಪಾಠ ಬೇಕೇ?

ಬಾಯಾರಿಕೆಯೇ ಬೇಡ ಎಂದವರು

ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ 'ಮೈನ್‌ಕ್ರಾಫ್ಟ್' 2009ರಲ್ಲಿ ಬಂತು. ಅದರಲ್ಲಿ 2011ರಲ್ಲಿ ಹಸಿವಿನ ಪಟ್ಟಿ ಸೇರಿಸಿದರು, ಬಾಯಾರಿಕೆ ಸೇರಿಸಲಿಲ್ಲ. ಅಷ್ಟೇ ಅಲ್ಲ, ಎರಡಕ್ಕೆರಡು ಗುಂಡಿ ತೋಡಿ ಎದುರುಬದುರು ಮೂಲೆಗೆ ಎರಡು ಬಕೆಟ್ ನೀರು ಸುರಿದರೆ ಅದು ಎಂದೂ ಬತ್ತದ ಕೆರೆ. ಎಷ್ಟು ಮೊಗೆದರೂ ಮುಗಿಯುವುದಿಲ್ಲ. 2013ರ 'ಡೋಂಟ್ ಸ್ಟಾರ್ವ್'ನ ಹೆಸರಿನಲ್ಲೇ ಹಸಿವು ಇದೆ, ಬಾಯಾರಿಕೆ ಇಲ್ಲ.

ಇದು ಮರೆವು ಅಲ್ಲ. ಹಸಿವು ಆಟಕ್ಕೆ ಅನುಕೂಲ. ಬೇಟೆ, ಬೇಸಾಯ, ಅಡುಗೆ ಎಂದು ನೂರು ದಾರಿ ಇದೆ. ನೀರು ಹಾಗಲ್ಲ, ಎಲ್ಲಿ ಕುಡಿದರೂ ನೀರು ನೀರೇ. ನದಿಯ ಪಕ್ಕ ಮನೆ ಕಟ್ಟಿದರೆ ಸಮಸ್ಯೆ ಮುಗಿಯಿತು, ಆಮೇಲೆ ಗುಂಡಿ ಒತ್ತಿ ಒತ್ತಿ ಕುಡಿಯುವುದು ಬರೀ ಉಪದ್ರ. ಹಾಗಾಗಿ ಬಾಯಾರಿಕೆ ಇಡಬೇಕೆಂದು ಹೊರಟ ವಿನ್ಯಾಸಕರು ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು: ನೀರು ಕುಡಿಯುವುದರಲ್ಲಿ ಯೋಚಿಸಬೇಕಾದ್ದು ಏನಿದೆ? ಅವರು ಕಂಡುಕೊಂಡ ಉತ್ತರಗಳು ನಾಲ್ಕು. ಎಲ್ಲಿಯ ನೀರು ಎಂಬ ಅನುಮಾನ, ಕುದಿಸಲು ಬೇಕಾದ ಸೌದೆ ಮತ್ತು ಸಮಯ, ಉಪ್ಪು ತೆಗೆಯುವ ಕಷ್ಟ, ಮಳೆಗೆ ಕಾಯುವ ತಾಳ್ಮೆ. ಒಂದೊಂದಾಗಿ ನೋಡೋಣ.

ಬಾವಿ ಒಳ್ಳೆಯದು, ಕೆರೆ ಕೆಟ್ಟದ್ದು?

ಡೀನ್ ಹಾಲ್ ನ್ಯೂಜಿಲೆಂಡಿನ ಸೈನಿಕ. ಬ್ರೂನೈ ಕಾಡಿನಲ್ಲಿ ನಡೆದ ತರಬೇತಿಯಲ್ಲಿ ಬಹಳ ಕಷ್ಟಪಟ್ಟವನು. ಆ ಅನುಭವದಿಂದ 2012ರಲ್ಲಿ 'ಡೇಜೀ' ಮಾಡಿದ. ಮೊದಲು ಬೇರೊಂದು ಯುದ್ಧದ ಆಟದ ಮೇಲೆ ಹೊಲಿದ ತೇಪೆಯಂತೆ ಅದು ಬಂತು. ಆಮೇಲೆ ಸ್ವತಂತ್ರ ಆಟವಾಗಿ 2013ರಲ್ಲಿ ಪ್ರಯೋಗಕ್ಕೆ, 2018ರಲ್ಲಿ ಪೂರ್ತಿಯಾಗಿ ಬಿಡುಗಡೆ ಆಯಿತು. ಇದರಲ್ಲಿ ಊರಿನ ಪಂಪಿನ ನೀರು ಶುದ್ಧ. ಕೆರೆಯ ನೀರು ಕುಡಿದರೆ ಕಾಲರಾ ಬರಬಹುದು. ಕುದಿಸಬೇಕು ಅಥವಾ ಕ್ಲೋರಿನ್ ಮಾತ್ರೆ ಹಾಕಬೇಕು.

ಇಲ್ಲಿ ಚರಿತ್ರೆಯ ಮೇಷ್ಟ್ರಿಗೆ ಒಂದು ತಕರಾರು ಇದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ 600ಕ್ಕೂ ಹೆಚ್ಚು ಜನ ಕಾಲರಾದಿಂದ ಸತ್ತದ್ದು ಕೆರೆ ನೀರು ಕುಡಿದು ಅಲ್ಲ, ಊರಿನ ಪಂಪಿನ ನೀರು ಕುಡಿದು! ನೋಡಲು ತಿಳಿಯಾಗಿದ್ದ, ಜನ ಇಷ್ಟಪಟ್ಟು ದೂರದಿಂದ ಬಂದು ಒಯ್ಯುತ್ತಿದ್ದ ಆ ಬಾವಿ ನೀರಿಗೆ ಪಕ್ಕದ ಮನೆಯ ಶೌಚದ ಗುಂಡಿ ಸೋರಿತ್ತು. ಡಾಕ್ಟರ್ ಜಾನ್ ಸ್ನೋ ಮನೆಮನೆ ವಿಚಾರಿಸಿ, ಸಾವುಗಳು ಆ ಪಂಪಿನ ಸುತ್ತ ಇವೆ ಎಂದು ತೋರಿಸಿದ. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ಕಳಚಿದರು. ಅಂದರೆ ನೀರಿನ ಮೂಲ ಯಾವುದು ಎಂಬುದಕ್ಕಿಂತ ಅದರ ಪಕ್ಕದಲ್ಲಿ ಏನಿದೆ ಎಂಬುದು ಮುಖ್ಯ. ಮಳೆಗಾಲದಲ್ಲಿ ನಮ್ಮ ಕಡೆ ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು ಸುಮ್ಮನೆ ಅಲ್ಲ. ಒಂದು ದೊಡ್ಡ ನಗರದ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸುವ ಪದ್ಧತಿ ಅಮೆರಿಕದಲ್ಲಿ ಶುರುವಾದದ್ದು 1908ರಲ್ಲಿ, ಜೆರ್ಸಿ ಸಿಟಿಗೆ, ಡಾ. ಜಾನ್ ಲೀಲ್ ಎಂಬವರಿಂದ. ವಿಷ ಹಾಕುತ್ತಾರೆ ಎಂದು ಆಗಲೂ ಕೋರ್ಟಿನಲ್ಲಿ ವಾದ ನಡೆದಿತ್ತು. ಆಟದಲ್ಲಿ ಒಂದು ಮಾತ್ರೆಯಾಗಿ ಸಿಗುವುದರ ಹಿಂದೆ ಇಷ್ಟು ಜಗಳವಿದೆ.

ಹಿಮ ಕರಗಿಸುವ ಲೆಕ್ಕ

'ದಿ ಲಾಂಗ್ ಡಾರ್ಕ್' ಕೆನಡಾದ ಆಟ. 2014ರಲ್ಲಿ ಪ್ರಯೋಗಕ್ಕೆ ಬಂದು 2017ರಲ್ಲಿ ಪೂರ್ತಿಯಾಯಿತು. ಸುತ್ತ ಎಲ್ಲಿ ನೋಡಿದರೂ ಹಿಮ, ಅಂದರೆ ನೀರೇ. ಆದರೂ ಬಾಯಾರಿಕೆಯಿಂದ ಸಾಯಬಹುದು! ಮೊದಲು ಬೆಂಕಿ ಹಾಕಿ ಹಿಮ ಕರಗಿಸಬೇಕು. ಸಿಕ್ಕಿದ್ದು ಅಸುರಕ್ಷಿತ ನೀರು. ಅದನ್ನು ಮತ್ತೆ ಕುದಿಸಬೇಕು, ಇಲ್ಲದಿದ್ದರೆ ಆಮಶಂಕೆ. ಅಷ್ಟರಲ್ಲಿ ಸೌದೆ ಉರಿದು ಹೋಗಿರುತ್ತದೆ. ಅದೇ ಬೆಂಕಿಯಲ್ಲಿ ಮಾಂಸವೂ ಬೇಯಬೇಕು, ಮೈಯೂ ಬೆಚ್ಚಗಾಗಬೇಕು.

ಈ ನಿಯಮ ಎಷ್ಟು ಸರಿ ಎಂದು ಭೌತಶಾಸ್ತ್ರದ ಪಾಠದಿಂದಲೇ ತಿಳಿಯಬಹುದು. ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜು ಅದೇ ಸೊನ್ನೆ ಡಿಗ್ರಿಯ ನೀರಾಗಲು 80 ಕ್ಯಾಲೊರಿ ಬೇಕು. ಆ ನೀರು 100 ಡಿಗ್ರಿ ಮುಟ್ಟಲು ಇನ್ನೊಂದು 100 ಕ್ಯಾಲೊರಿ. ಅಂದರೆ ಹಿಮದಿಂದ ಕುದಿನೀರು ಮಾಡಲು ಗ್ರಾಮಿಗೆ 180. ಸೌದೆಯ ಹೆಚ್ಚುಕಡಿಮೆ ಅರ್ಧ ಬರೀ ಕರಗಿಸುವುದಕ್ಕೇ ಹೋಯಿತು. ಗುಪ್ತೋಷ್ಣ ಎಂದು ಬೋರ್ಡಿನ ಮೇಲೆ ಬರೆದರೆ ಹಿಂದಿನ ಬೆಂಚು ಆಕಳಿಸುತ್ತದೆ. ಸೌದೆ ಮುಗಿದು ಸತ್ತುಹೋದ ಆಟಗಾರನಿಗೆ ಅದು ತಾನಾಗಿ ಅರ್ಥವಾಗುತ್ತದೆ.

ಉಪ್ಪು ನೀರಿನ ನಡುವೆ

ಸಮುದ್ರದ ಆಟಗಳು ಮೂರು. ಆಸ್ಟ್ರೇಲಿಯಾದ 'ಸ್ಟ್ರ್ಯಾಂಡೆಡ್ ಡೀಪ್' 2015ರಲ್ಲಿ, ಸ್ವೀಡನ್ನಿನ ಮೂವರು ವಿದ್ಯಾರ್ಥಿಗಳು ಶುರು ಮಾಡಿದ 'ರಾಫ್ಟ್' 2018ರಲ್ಲಿ, 'ಸಬ್‌ನಾಟಿಕಾ' 2014ರ ಕೊನೆಗೆ ಪ್ರಯೋಗಕ್ಕೆ ಬಂದು 2018ರಲ್ಲಿ ಪೂರ್ತಿ.

'ಸ್ಟ್ರ್ಯಾಂಡೆಡ್ ಡೀಪ್'ನಲ್ಲಿ ದ್ವೀಪದ ತುಂಬ ತೆಂಗಿನ ಮರ. ಎಳನೀರು ಕುಡಿದುಕೊಂಡೇ ಇರೋಣ ಎಂದರೆ ವಿನ್ಯಾಸಕರು ಜಾಣರು, ಹೆಚ್ಚು ಕುಡಿದರೆ ಭೇದಿ, ಮೈಯಲ್ಲಿದ್ದ ನೀರೂ ಹೋಯಿತು. ಹಾಗಾಗಿ ಗುಂಡಿಗೆ ಸೊಪ್ಪು ಹಾಕಿ ಮೇಲೆ ಹೊದಿಕೆ ಕಟ್ಟಿ ಬಿಸಿಲಿನಿಂದ ನೀರು ಭಟ್ಟಿ ಇಳಿಸಬೇಕು. ಇದು ಕಲ್ಪನೆಯಲ್ಲ. ಮರುಭೂಮಿಯಲ್ಲಿ ಗುಂಡಿ ತೋಡಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಣ್ಣಿನಿಂದ, ಸೊಪ್ಪಿನಿಂದ ನೀರು ತೆಗೆಯುವ ಬಗ್ಗೆ ಜಾಕ್ಸನ್ ಮತ್ತು ವ್ಯಾನ್ ಬಾವೆಲ್ ಎಂಬ ವಿಜ್ಞಾನಿಗಳು 1965ರಲ್ಲೇ ಬರೆದಿದ್ದರು. ದೊಡ್ಡದಾಗಿ ಮಾಡಿದ್ದು ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ, 1872ರಲ್ಲಿ. ಗಣಿಯ ಕೆಲಸಗಾರರಿಗೂ ಹೇಸರಗತ್ತೆಗಳಿಗೂ ಕುಡಿಯಲು ಗಾಜಿನ ಮಾಡಿನಡಿ ಉಪ್ಪು ನೀರು ಹರಡಿ ದಿನಕ್ಕೆ ಸುಮಾರು 20 ಸಾವಿರ ಲೀಟರ್ ಸಿಹಿನೀರು ತೆಗೆಯುತ್ತಿದ್ದರು. ಅದಕ್ಕೆ ನಾಲ್ಕು ಸಾವಿರ ಚದರ ಮೀಟರಿಗೂ ಹೆಚ್ಚು ಗಾಜು ಬೇಕಾಯಿತು. ಭಾಗಿಸಿ ನೋಡಿ, ಚದರ ಮೀಟರಿಗೆ ನಾಲ್ಕೈದು ಲೀಟರ್, ಅದೂ ಸುಡುವ ಬಿಸಿಲಿನಲ್ಲಿ. ಆಟದಲ್ಲಿ ಮೊರದಷ್ಟಗಲದ ಗುಂಡಿ ಬೇಗ ಬೇಗ ತುಂಬುವುದು ಆಟಗಾರನ ಮೇಲಿನ ಕರುಣೆ.

'ರಾಫ್ಟ್'ನಲ್ಲಿ ಕಪ್ಪಿಗೆ ಸಮುದ್ರದ ನೀರು ತುಂಬಿ, ಒಲೆಗೆ ಹಲಗೆ ಇಟ್ಟರೆ ಸಿಹಿನೀರು. ವಿಧಾನ ಸರಿ, ಲೆಕ್ಕ ಸಡಿಲ. ನೀರನ್ನು ಆವಿ ಮಾಡಲು ಗ್ರಾಮಿಗೆ 540 ಕ್ಯಾಲೊರಿ ಬೇಕು, ಬಿಸಿ ಮಾಡುವ ಖರ್ಚು ಬೇರೆ. ತೆರೆದ ಒಲೆಯಲ್ಲಿ ಶಾಖದ ಬಹುಪಾಲು ಗಾಳಿಗೇ ಹೋಗುವುದರಿಂದ ಒಂದು ಲೀಟರ್ ಸಿಹಿನೀರಿಗೆ ಕಿಲೋ ಮೀರಿ ಸೌದೆ ಸುಡಬೇಕು. ಅಷ್ಟು ಹಲಗೆ ಸುಟ್ಟರೆ ನಿಂತುಕೊಳ್ಳಲು ತೆಪ್ಪವೇ ಉಳಿಯುವುದಿಲ್ಲ!

'ಸಬ್‌ನಾಟಿಕಾ'ದಲ್ಲಿ ಮೆಟ್ಟಿಲುಗಳಿವೆ. ಮೊದಲು ಒಂದು ಜಾತಿಯ ಮೀನು ಹಿಡಿದು ಅದರಿಂದ ನೀರು. ಆಮೇಲೆ ಹವಳದ ತುಂಡು ಮತ್ತು ಉಪ್ಪಿನಿಂದ ಬ್ಲೀಚ್ ಮಾಡಿ ಅದರಿಂದ ನೀರು. ಕೊನೆಗೆ ಮನೆಗೆ ಯಂತ್ರ ಜೋಡಿಸಿದರೆ ನೀರು ಒಂದು ಕಡೆ, ಉಪ್ಪು ಒಂದು ಕಡೆ. ಬ್ಲೀಚಿನಿಂದ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ, ಹಾಗಾಗಿ ನಡುವಿನ ಮೆಟ್ಟಿಲು ವಿಜ್ಞಾನವಲ್ಲ. ಆದರೆ ಮನುಷ್ಯ ಕೈಯಿಂದ ಯಂತ್ರಕ್ಕೆ ಏರಿದ ಕ್ರಮ ಚೆನ್ನಾಗಿ ಮೂಡಿದೆ.

ಮಳೆ ಹಿಡಿಯುವ ಪಾತ್ರೆ

ಪೋಲೆಂಡಿನ 'ಗ್ರೀನ್ ಹೆಲ್' 2019ರಲ್ಲಿ ಪೂರ್ತಿಯಾಗಿ ಬಂತು. ಅಮೆಜಾನ್ ಕಾಡು. ಹೊಂಡದ ನೀರು ಕುಡಿದರೆ ಹೊಟ್ಟೆಯಲ್ಲಿ ಹುಳ. ಕಾಯಿ ಒಡೆದು ಗರಟೆಯನ್ನು ಮಳೆಗೆ ಇಟ್ಟರೆ ಶುದ್ಧ ನೀರು. ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

'ಪ್ರಾಜೆಕ್ಟ್ ಜೋಂಬಾಯ್ಡ್' ಎಂಬ ಬ್ರಿಟಿಷ್ ಆಟದ ಯೋಚನೆ ಇನ್ನೂ ಚೆನ್ನ. ಶುರುವಿನಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ. ಎಂದು ನಿಲ್ಲುತ್ತದೆ ಗೊತ್ತಿಲ್ಲ. ಒಂದು ದಿನ ನಿಲ್ಲುತ್ತದೆ. ಅಷ್ಟರೊಳಗೆ ಪಾತ್ರೆಪಗಡಿ ತುಂಬಿಸಿಟ್ಟವನು, ಮಾಡಿನ ಮೇಲೆ ಮಳೆಪೀಪಾಯಿ ಕೂರಿಸಿದವನು ಬದುಕಿದ. ವಾರಕ್ಕೆರಡು ಸಲ ನಲ್ಲಿ ನೀರು ಬರುವ ಊರಿನ ತಾಯಂದಿರು ಈ ಆಟದಲ್ಲಿ ಸೋಲಲಾರರು.

2014ರ 'ದಿಸ್ ವಾರ್ ಆಫ್ ಮೈನ್' ಕೂಡ ಪೋಲೆಂಡಿನದು. 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ಸಿಕ್ಕಿದ್ದ ಸರಾಯೆವೊ ನಗರದ ನೆನಪಿನಿಂದ ಹುಟ್ಟಿದ ಆಟ. ಮಳೆನೀರು ಹಿಡಿಯುವ ಡ್ರಮ್ಮು, ಅದಕ್ಕೆ ಸೋಸುವ ಫಿಲ್ಟರ್, ಆ ಫಿಲ್ಟರ್ ಮಾಡಲು ಸಾಮಾನು. ನಿಜವಾದ ಸರಾಯೆವೊದಲ್ಲಿ ಜನ ಬಿಯರ್ ಕಾರ್ಖಾನೆಯ ಒರತೆಯ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುತ್ತಿದ್ದರು, ಆ ಸಾಲಿನ ಮೇಲೇ ಶೆಲ್ ಬೀಳುತ್ತಿತ್ತು. ನೀರು ತರಲು ಹೋಗುವುದೇ ಪ್ರಾಣಾಪಾಯ ಎಂಬುದು ಆಟದ ನಿಯಮವಾಗುವ ಮೊದಲು ಒಂದು ಊರಿನ ದಿನಚರಿಯಾಗಿತ್ತು.

ಸೋಸುವುದು ಬೇರೆ, ಶುದ್ಧ ಮಾಡುವುದು ಬೇರೆ

ನಾನು ನೋಡಿದ ಆಟಗಳಲ್ಲಿ ನೀರಿನ ಬಗ್ಗೆ ಅತ್ಯಂತ ನಿಖರವಾಗಿ ಯೋಚಿಸಿದ್ದು 2019ರ 'ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್'. ಮಾಡಿದವರು ಬಾಯಾರಿಕೆ ಬೇಡ ಎಂದ ಆ 'ಡೋಂಟ್ ಸ್ಟಾರ್ವ್'ನವರೇ! ಇಲ್ಲಿ ಕೊಳೆ ನೀರನ್ನು ಮರಳಿನ ಜರಡಿ ಯಂತ್ರಕ್ಕೆ ಹಾಯಿಸಿದರೆ ತಿಳಿನೀರು ಬರುತ್ತದೆ, ಆದರೆ ಅದರಲ್ಲಿದ್ದ ರೋಗಾಣು ಹಾಗೇ ಇರುತ್ತದೆ. ಅದನ್ನು ಕೊಲ್ಲಲು ಬಿಸಿ ಮಾಡಬೇಕು ಅಥವಾ ಕ್ಲೋರಿನ್ ಅನಿಲದ ಕೋಣೆಯಲ್ಲಿ ತೊಟ್ಟಿ ಇಡಬೇಕು. ತೆಗೆದ ಕೊಳೆ ಕೂಡ ಮಾಯವಾಗುವುದಿಲ್ಲ, ರಾಶಿ ಬೀಳುತ್ತದೆ, ಎಲ್ಲಿ ಹಾಕುವುದು ಎಂದು ಯೋಚಿಸಬೇಕು.

ತಿಳಿಯಾದದ್ದೆಲ್ಲ ಶುದ್ಧವಲ್ಲ ಎಂಬುದು ದೊಡ್ಡ ಪಾಠ. ಕತಕ ಬೀಜ ತೇಯ್ದು ಕೆಸರು ನೀರು ತಿಳಿ ಮಾಡುವುದನ್ನು ಸುಶ್ರುತ ಸಂಹಿತೆಯಲ್ಲೇ ಹೇಳಿದೆ, ಆದರೆ ತಿಳಿ ಮಾಡಿದ ಮಾತ್ರಕ್ಕೆ ರೋಗಾಣುಗಳೆಲ್ಲ ಹೋದವು ಎನ್ನುವ ಹಾಗಿಲ್ಲ. ಇನ್ನೊಂದು ಮುಖವೂ ಇದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾದಿಂದ ಸುಮಾರು 8,600 ಜನ ಸತ್ತರು. ಅಂಟಿಕೊಂಡೇ ಇದ್ದ ಆಲ್ಟೋನದಲ್ಲಿ ಸಾವು ಬಹಳ ಕಡಿಮೆ. ಎರಡೂ ಊರು ಎಲ್ಬ್ ನದಿಯ ನೀರನ್ನೇ ಕುಡಿಯುತ್ತಿದ್ದವು, ಆಲ್ಟೋನ ಮಾತ್ರ ಮರಳಿನಲ್ಲಿ ನಿಧಾನ ಸೋಸಿ ಕೊಡುತ್ತಿತ್ತು. ನಿಧಾನ ಸೋಸುವಾಗ ಮರಳಿನ ಮೇಲೆ ಬೆಳೆಯುವ ಲೋಳೆಪದರವೇ ರೋಗಾಣುಗಳನ್ನು ಹಿಡಿದು ತಿನ್ನುತ್ತದೆ. ಆಟದ ಜರಡಿಗೆ ಈ ಪದರ ಇಲ್ಲ.

ನಮ್ಮ ನೆರೆಯ ಬಾಂಗ್ಲಾದೇಶದ ಉದಾಹರಣೆ ಇನ್ನೂ ಹತ್ತಿರದ್ದು. ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ಕೆರೆ ನೀರು ಸೋಸಲು ಹಳ್ಳಿಯ ಹೆಂಗಸರಿಗೆ ಹೇಳಿಕೊಟ್ಟರು. ಕಾಲರಾ 48 ಶೇಕಡಾ ಇಳಿಯಿತು ಎಂದು 2003ರಲ್ಲಿ ಪ್ರಕಟವಾಯಿತು. ಬಟ್ಟೆಯ ಎಳೆ ರೋಗಾಣುವನ್ನು ತಡೆಯುವಷ್ಟು ಸಣ್ಣದಲ್ಲ. ಆದರೆ ಕಾಲರಾ ರೋಗಾಣು ಅಂಟಿಕೊಂಡು ಕುಳಿತಿರುವ ನೀರಿನ ಸೂಕ್ಷ್ಮ ಜೀವಿಗಳನ್ನು ತಡೆಯುತ್ತದೆ. ಹೊಸ ಸೀರೆಗಿಂತ ಹಳೆಯದು ಒಳ್ಳೆಯದು, ಒಗೆದು ಒಗೆದು ಎಳೆ ಬಿಚ್ಚಿ ರಂಧ್ರ ಸಣ್ಣದಾಗಿರುತ್ತದೆ. ಅಜ್ಜಿಯ ಸೀರೆ ಇರುವ ಗೇಮ್ ಯಾರಾದರೂ ಮಾಡಬೇಕು!

ಕುದಿಸಿದರೂ ಹೋಗದ್ದು

ಇಷ್ಟು ಹೇಳಿ ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೊನ್ನೆ ಏಳನೇ ತರಗತಿಯಲ್ಲಿ ನೀರಿನ ಮಾಲಿನ್ಯದ ಮಾತು ಬಂದಾಗ ಒಬ್ಬ ಹುಡುಗ ಎದ್ದು, "ಕುದಿಸಿದ್ರೆ ಎಲ್ಲ ಸರಿ ಆಗ್ತದೆ ಮಾಷೆ, ಗೇಮಿನಲ್ಲಿ ಹಾಗೇ" ಎಂದ. ಅವನು ಹೇಳಿದ್ದರಲ್ಲಿ ಅರ್ಧ ಬಹಳ ಒಳ್ಳೆಯ ಮಾತು. ನೀರು ಕೊತಕೊತ ಕುದಿಯುವ ಹಂತಕ್ಕೆ ಬಂದು ಒಂದು ನಿಮಿಷ ಇದ್ದರೆ ಬ್ಯಾಕ್ಟೀರಿಯಾ, ವೈರಸ್, ಅಮೀಬ ಉಳಿಯುವುದಿಲ್ಲ. ಕೇರಳದ ಹೋಟೆಲುಗಳಲ್ಲಿ ಪದಿಮುಗಂ ಚಕ್ಕೆ ಹಾಕಿದ ಕೆಂಪು ಬಿಸಿನೀರು ಕೊಡುವ ಅಭ್ಯಾಸ ಬೆಲೆ ಕಟ್ಟಲಾಗದ್ದು. ಆಟಗಳು ಇದನ್ನು ಲೋಕದ ಮಕ್ಕಳಿಗೆ ಕಲಿಸಿದ್ದರೆ ಅವುಗಳಿಗೆ ನಮಸ್ಕಾರ.

ಉಳಿದ ಅರ್ಧ ಅಪಾಯ. ಕುದಿಸುವುದು ಜೀವಿಗಳಿಗೆ ಮದ್ದು, ರಾಸಾಯನಿಕಕ್ಕೆ ಅಲ್ಲ. ಮಡಕಶಿರಾ, ರಾಯದುರ್ಗದ ಕಡೆಯ ನಮ್ಮ ಕನ್ನಡ ಶಾಲೆಗಳ ಬಂಧುಗಳಿಗೆ ಕೊಳವೆಬಾವಿಯ ಫ್ಲೋರೈಡ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಆ ನೀರನ್ನು ಕುದಿಸಿದರೆ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಅದಕ್ಕೆ ಬೇರೆಯೇ ಉಪಾಯ ಬೇಕು. ನಾಗಪುರದ 'ನೀರಿ' ಸಂಸ್ಥೆ 1970ರ ದಶಕದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸಿ ರೂಪಿಸಿದ ವಿಧಾನಕ್ಕೆ ತೆಲಂಗಾಣದ ನಲ್ಗೊಂಡ ಜಿಲ್ಲೆಯದೇ ಹೆಸರು.

ನಮ್ಮ ಕಾಸರಗೋಡಿನ ಕತೆ ಎಲ್ಲರಿಗೂ ತಿಳಿದದ್ದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಗೇರು ಎಲೆಯ ಮೇಲೆ ಮಾತ್ರ ಬೀಳಲಿಲ್ಲ. ಗುಡ್ಡದ ಕೆಳಗಿನ ತೋಡು, ಕೆರೆ, ಬಾವಿಗಳ ಮೇಲೂ ಬಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. ಆ ವರ್ಷಗಳಲ್ಲಿ ನಮ್ಮ ತಾಯಂದಿರೂ ನೀರು ಕುದಿಸಿಯೇ ಕೊಡುತ್ತಿದ್ದರು. ಆ ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಲೆವೆಲ್ ಹೇಗೆ ಗೆಲ್ಲುವುದು ಮಾಷೆ?" ಎಂದು ಕೇಳಿದ. ಒಬ್ಬನೇ ಗೆಲ್ಲಲು ಆಗುವುದಿಲ್ಲ, ಅಷ್ಟೇ ಉತ್ತರ. ಸರ್ವೈವಲ್ ಗೇಮಿನಲ್ಲಿ ಒಬ್ಬ ಮನುಷ್ಯ, ಒಂದು ಪಾತ್ರೆ, ಒಂದು ಬೆಂಕಿ. ನಿಜವಾದ ಚರಿತ್ರೆಯಲ್ಲಿ ನೀರನ್ನು ಶುದ್ಧವಾಗಿ ಇಟ್ಟವರು ಒಟ್ಟಾದ ಜನ. ಪಂಪಿನ ಹಿಡಿ ಕಳಚಿಸಿದ ವಾರ್ಡು ಸಮಿತಿ, ಮರಳಿನ ತೊಟ್ಟಿ ಕಟ್ಟಿದ ನಗರಸಭೆ, ದೂರು ಕೊಟ್ಟು, ವರದಿ ಬರೆದು, ಕೋರ್ಟಿಗೆ ಹೋದ ಊರವರು. ಆಟಗಳು ಬಿಟ್ಟಿರುವ ಅಧ್ಯಾಯ ಇದು.

ನಾವೇ ಒಂದು ಆಟ ಮಾಡಿದರೆ?

ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ 'ಲಿಟ್ಲ್ ಕೈಟ್ಸ್' ಘಟಕಗಳಿವೆ. ಸ್ಕ್ರ್ಯಾಚ್ ಗೊತ್ತಿರುವ ಮಕ್ಕಳು ಕನ್ನಡ ಮಾಧ್ಯಮದಲ್ಲೂ ಇದ್ದಾರೆ. ರಾವಿಟ್ಶ್ ಎರಡು ವಾರದಲ್ಲಿ ಮಾಡಿದ್ದನ್ನು ನಾವು ಒಂದು ಅವಧಿಯಲ್ಲಿ ಮಾಡಲಾರೆವೇ?

ಒಂದು ನಕ್ಷೆ ಹೇಳುತ್ತೇನೆ. ಆಟದ ಹೆಸರು 'ಸುರಂಗ'. ಮೇಲೆ ಹೇಳಿದ ಯಾವ ಆಟದಲ್ಲೂ ಇಲ್ಲದ ನೀರಿನ ಮೂಲ ನಮ್ಮಲ್ಲಿದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಕೊರೆದು, ಒಸರುವ ನೀರನ್ನು ಪಂಪಿಲ್ಲದೆ ಅಂಗಳದ ತೊಟ್ಟಿಗೆ ಹರಿಸುವುದು. ಕೆಲವು ನೂರಾರು ಮೀಟರ್ ಉದ್ದ. ಒಳಗೆ ಗಾಳಿ ಇದೆಯೇ ಎಂದು ತಿಳಿಯಲು ಉರಿಯುವ ಮೇಣದಬತ್ತಿ. ಆಟಕ್ಕೆ ನಾಲ್ಕು ಚರಾಂಶ ಸಾಕು: ಮನೆಯವರ ಬಾಯಾರಿಕೆ, ತೊಟ್ಟಿಯ ನೀರು, ಸೌದೆ, ದಿನ. ಮಳೆಯ ಲೆಕ್ಕ ಸುಲಭ, ಒಂದು ಚದರ ಮೀಟರ್ ಮಾಡಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುವ ನಮ್ಮ ಜಿಲ್ಲೆಯಲ್ಲಿ 100 ಚದರ ಮೀಟರ್ ಮಾಡಿನ ಮೇಲೆ ಮೂರೂವರೆ ಲಕ್ಷ ಲೀಟರ್! ಆದರೂ ಏಪ್ರಿಲಿನಲ್ಲಿ ಕೊಡ ಹಿಡಿದು ಓಡುತ್ತೇವೆ. ಯಾಕೆ? ಬಹುಪಾಲು ಮಳೆ ನಾಲ್ಕು ತಿಂಗಳಲ್ಲಿ ಬಿದ್ದು ಸಮುದ್ರ ಸೇರುತ್ತದೆ. ಹಾಗಾಗಿ ಆಟ ಜೂನಿನಲ್ಲಿ ಶುರುವಾಗಲಿ, ಮೇ ತಿಂಗಳಲ್ಲಿ ಮುಗಿಯಲಿ. ಪಕ್ಕದ ಮನೆಯವರು ಎರಡು ಕೊಡ ನೀರು ಕೇಳಿಕೊಂಡು ಬರಲಿ. ಗುಡ್ಡದ ಮೇಲೆ ಯಾರೋ ಕೊಳವೆಬಾವಿ ಕೊರೆದ ದಿನ ಸುರಂಗದ ಧಾರೆ ಸಣ್ಣದಾಗಲಿ. ಮತ್ತು ಒಂದು ಗುಂಡಿ ಖಂಡಿತ ಇರಲಿ, 'ನೀರು ಪರೀಕ್ಷೆಗೆ ಕಳಿಸು' ಎಂಬ ಗುಂಡಿ.

ಸಂಭವನೀಯತೆ ಎಷ್ಟು ಇಡಬೇಕು ಎಂದು ಮಕ್ಕಳು ಕೇಳುತ್ತಾರೆ. ಊರಿನ ಹಿರಿಯರ ಹತ್ತಿರ ಕಳಿಸಿ. ಯಾವ ವರ್ಷ ಬಾವಿ ಬತ್ತಿತ್ತು, ಎಷ್ಟು ಕೋಲು ತೋಡಿದಾಗ ನೀರು ಸಿಕ್ಕಿತು, ಎಂದು ಬೇಧಿ ಹಬ್ಬಿತ್ತು ಎಂದು ಬರೆದುಕೊಂಡು ಬರಲಿ. ಸುರಂಗ ಕೊರೆದ ಕೈಗಳು ಕಡಿಮೆಯಾಗುತ್ತಿವೆ, ಅವರ ನೆನಪು ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಆಟ ಚೆನ್ನಾಗಿ ಬರಲಿ ಬಿಡಲಿ, ಆ ನೋಟ್‌ಬುಕ್ಕು ಶಾಲೆಯಲ್ಲಿ ಉಳಿಯುತ್ತದೆ. ಯಾವುದಾದರೂ ಶಾಲೆಯವರು ಕೈಹಾಕಿದರೆ ತಿಳಿಸಿ, ನಮ್ಮ ಮಕ್ಕಳ ಕೈಯಲ್ಲೂ ಆಡಿಸಿ ನೋಡುತ್ತೇವೆ.